ಮುಜೆತ್ ಕೇಳಿಸಿಕೊಂಡದ್ದು

ಇನ್ನೂ ಬಾರದ ಒಂದು ಕಾಲದಲ್ಲಿ, ಭೂಮಿಯ ನೆತ್ತಿಯ ಹತ್ತಿರ, ಚಳಿಗಾಲದಲ್ಲಿ ಎರಡು ತಿಂಗಳು ಸೂರ್ಯ ಮುಖವನ್ನೇ ತೋರಿಸದ ನಾಡಿನಲ್ಲಿ, ಗೊಲ್ಲೆಯಾವ್ರಿ ಎಂಬ ಊರಿತ್ತು. ಊರು ಎಂದರೆ ಹೆಪ್ಪುಗಟ್ಟಿದ ಒಂದು ಕೆರೆ, ಕೆರೆಯ ಸುತ್ತ ಎಪ್ಪತ್ತು ಮನೆ, ಒಂದು ಶಾಲೆ, ಮತ್ತು ಮನುಷ್ಯರಿಗಿಂತ ಎಷ್ಟೋ ಪಾಲು ಹೆಚ್ಚು ಹಿಮಸಾರಂಗಗಳು. ಅಲ್ಲಿಯವರು ಸಾಮಿ ಜನ. ಹಿಮಸಾರಂಗ ಎತ್ತ ನಡೆದರೆ ಅತ್ತ ತಲೆತಲಾಂತರದಿಂದ ನಡೆದು ಬಂದವರು.

ಆ ಊರಲ್ಲೊಬ್ಬಳು ಅಜ್ಜಿ. ಅವರ ಮಾತಿನಲ್ಲಿ ಅಜ್ಜಿಗೆ ಆಹ್ಕು ಎನ್ನುತ್ತಾರೆ. ಆಹ್ಕು ಕಥೆ ಹೇಳಬೇಕಾದರೆ ಒಂದೇ ಕಟ್ಟಳೆ: ಕೇಳುವವರು ನಡುನಡುವೆ ‘ಹೂಂ’ ಎನ್ನಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಂತಿತು.

"ಯಾಕೆ ಆಹ್ಕು?" ಎಂದು ಮೊಮ್ಮಗಳು ಸುನ್ನಾ ಕೇಳಿದರೆ, "ಕಥೆ ಒಂಟಿಯಾಗಿ ಹಿಮದಲ್ಲಿ ಹೋಗುತ್ತದೇನೇ? ಜೊತೆಗೆ ಯಾರಾದ್ರೂ ಬೇಕು" ಎನ್ನುತ್ತಿದ್ದಳು.

ಆಹ್ಕುವಿನ ಮನೆಯ ಬೇಲಿಯೊಳಗೆ ಮುಜೆತ್ ಎಂಬ ಹಿಮಸಾರಂಗವಿತ್ತು. ಕಡುಗಂದು ಬಣ್ಣ, ಕುತ್ತಿಗೆಯಲ್ಲಿ ಮೊಣಕಾಲು ಮುಟ್ಟುವಷ್ಟು ಉದ್ದನೆಯ ಕೂದಲು. ವಯಸ್ಸಿನಲ್ಲಿ ಜಾರುಬಂಡಿ ಎಳೆದು, ಒಂದು ಹಿಂಗಾಲು ಕುಂಟಾಗಿ, ಈಗ ಪಿಂಚಣಿಯಲ್ಲಿತ್ತು. ಶಾಲೆಯ ಮಕ್ಕಳು ಅದಕ್ಕೆ ಬಂಡೆಯಿಂದ ಕೆರೆದ ಕಲ್ಲುಹೂವನ್ನು ತಂದು ಹಾಕುತ್ತಿದ್ದರು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದಾಯಾದಿಯೇ ಅದು. ಮುಜೆತ್ ತಿನ್ನುತ್ತಿತ್ತು, ಮೆಲುಕು ಹಾಕುತ್ತಿತ್ತು, ಎದುರಿಗಿದ್ದವರನ್ನು ನೋಡುತ್ತಿತ್ತು. ಅಷ್ಟೇ ಅದರ ಕೆಲಸ.

ಸುನ್ನಾಳಿಗೆ ಹದಿನೈದು ತುಂಬಿದ ವರ್ಷ ಟ್ರೊಮ್ಸೊ ನಗರದಿಂದ ಸಿಗ್ರುನ್ ಎಂಬ ವಿಜ್ಞಾನಿ ಬಂದರು. ಅವರ ಪೆಟ್ಟಿಗೆಯಲ್ಲಿ ಸುನ್ನಾಳ ತರಗತಿಯ ಒಬ್ಬೊಬ್ಬರಿಗೆ ಒಂದರಂತೆ ನೆಲ್ಲಿಕಾಯಿ ಗಾತ್ರದ ಹನ್ನೆರಡು ಬೂದು ಕಲ್ಲುಗಳಿದ್ದವು. ನೋಡಲು ಕಲ್ಲು, ಒಳಗೆ ಯಂತ್ರ. ಕುತ್ತಿಗೆಗೆ ಕಟ್ಟಿಕೊಂಡರೆ ಎದೆಬಡಿತ, ಉಸಿರು, ನಿದ್ದೆ ಎಲ್ಲವನ್ನೂ ಎಣಿಸುತ್ತಿತ್ತು. ಮಾತನ್ನೂ ಕೇಳುತ್ತಿತ್ತು, ಆದರೆ ಪದಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಗೋಡೆಯಾಚೆ ಪಕ್ಕದ ಮನೆಯವರು ಮಾತಾಡಿದರೆ ನಮಗೆ ಹೇಗೆ ಪದ ತಿಳಿಯದೆ, ಜಗಳವೋ ಲಾಲಿಯೋ ಮಾತ್ರ ತಿಳಿಯುತ್ತದೆಯೋ, ಹಾಗೆ.

ಆ ನಾಡಿನ ಹುಡುಗ ಹುಡುಗಿಯರಲ್ಲಿ ಕೆಲವರು, ನಗುನಗುತ್ತಾ ಓಡಾಡಿಕೊಂಡಿದ್ದವರೇ, ಒಂದು ದಿನ ಯಾರಿಗೂ ಏನೂ ಹೇಳದೆ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡುಬಿಡುತ್ತಿದ್ದರು. ಹದಿನೈದರ ದುಃಖಗಳಲ್ಲಿ ಯಾವುದು ತಾನಾಗಿ ಕರಗುತ್ತದೆ, ಯಾವುದು ಮೂವತ್ತರವರೆಗೂ ಒಳಗೇ ಕೂತಿರುತ್ತದೆ ಎಂಬುದು ಸಿಗ್ರುನ್‌ರ ಪ್ರಶ್ನೆ. ಒಂದು ಚಳಿಗಾಲ ಕಲ್ಲು ಕೇಳಿಸಿಕೊಂಡದ್ದನ್ನು ಪ್ರಯೋಗಾಲಯದ ಗಣಕಕ್ಕೆ ಕೊಟ್ಟರೆ, ಅದು ಪ್ರತಿಯೊಬ್ಬರಿಗೂ ಮೂವತ್ತನೇ ವಯಸ್ಸಿನವರೆಗೆ ಒಂದು ಗೆರೆ ಎಳೆದಿಡುತ್ತಿತ್ತು. ಮನಸ್ಸಿನ ಏರಿಳಿತದ ಗೆರೆ.

"ಗೆರೆಗಳಿಗೆ ಮುದ್ರೆ ಹಾಕಿಡ್ತೀನಿ. ನಾನೂ ನೋಡೋದಿಲ್ಲ," ಎಂದರು ಸಿಗ್ರುನ್. "ನಿಮಗೆಲ್ಲ ಮೂವತ್ತಾದಾಗ ನಾನೇ ಬಂದು, ಒಬ್ಬೊಬ್ಬರ ಎದುರಿಗೂ ಕೂತು, ನಿಮ್ಮ ಕಲ್ಲು ಏನು ಹೇಳಿತ್ತು ಅಂತ ಹೇಳ್ತೀನಿ. ಮಾತು ಕೊಟ್ಟೆ."

"ಅಷ್ಟು ಹೊತ್ತಿಗೆ ನೀವೇ ಮುದುಕಿ ಆಗಿ ಮರೆತುಬಿಟ್ರೆ?" ಎಂದಳು ರಾವ್ದ್ನಾ. ಸುನ್ನಾಳ ದೊಡ್ಡಮ್ಮನ ಮಗಳು, ನಾಲ್ಕೇ ತಿಂಗಳಿಗೆ ದೊಡ್ಡವಳು, ಆ ನಾಲ್ಕು ತಿಂಗಳ ದೊಡ್ಡಸ್ತಿಕೆಗೆ ‘ಅಕ್ಕ’ ಎಂದೇ ಕರೆಸಿಕೊಳ್ಳುವವಳು. ತರಗತಿಯೆಲ್ಲ ನಕ್ಕಿತು. ರಾವ್ದ್ನಾ ಎದ್ದು ನಿಂತರೆ ಯಾರಾದರೂ ನಗಲೇಬೇಕಿತ್ತು.

"ಮರೆಯೋದಿಲ್ಲ," ಎಂದರು ಸಿಗ್ರುನ್.

ಹದಿನೈದು ವರ್ಷ ಕಳೆಯಿತು. ಆಹ್ಕು ತೀರಿಕೊಂಡಳು. ಅವಳಿಗಿಂತ ಮೊದಲೇ ಮುಜೆತ್ ಕೂಡ. ಸುನ್ನಾ ಓದಿ, ಸಿಗ್ರುನ್‌ರ ಪ್ರಯೋಗಾಲಯದಲ್ಲೇ ಕೆಲಸಕ್ಕೆ ಸೇರಿದ್ದಳು. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಇಬ್ಬರೂ ಗಣಕದ ಮುಂದೆ ಕೂತು ಮುದ್ರೆ ಒಡೆದರು. ಗೆರೆಗಳು ನಿಜವಾಗಿದ್ದರೆ ಮುಂದಿನ ವರ್ಷದಿಂದ ದೇಶದ ಎಲ್ಲ ಶಾಲೆಗಳಿಗೂ ಕಲ್ಲು ಹಂಚುವುದೆಂದು ಸರ್ಕಾರ ಕಾಯುತ್ತಿತ್ತು.

ಮೊದಲನೆಯ ಗೆರೆ ರಾವ್ದ್ನಾಳದು. ಬೇಸಿಗೆಯ ಕೆರೆಯ ಹಾಗೆ ಸಮ, ಬೆಳಕು. ಹನ್ನೆರಡರಲ್ಲೂ ಅಷ್ಟು ಚೆಂದದ ಗೆರೆ ಇನ್ನೊಂದಿರಲಿಲ್ಲ.

"ಆಶ್ಚರ್ಯವೇನಿಲ್ಲ," ಎಂದಳು ಸುನ್ನಾ. "ಈಗ ಅದೇ ಶಾಲೇಲಿ ಟೀಚರ್ ಅವಳು. ಊರವರ ಕಷ್ಟ ಎಲ್ಲ ಅವಳ ಅಡುಗೆಮನೇಲೇ ಇಳಿಯೋದು."

ಮಧ್ಯಾಹ್ನ ಊಟದ ಹೊತ್ತಿಗೆ ಊರಿಂದ ಅಮ್ಮನ ಫೋನು ಬಂತು. ಹವಾಮಾನ, ನೆಗಡಿ, ಈಸ್ಟರ್ ಹಬ್ಬಕ್ಕೆ ಯಾರ ಮನೆಯಲ್ಲಿ ಮದುವೆ, ಎಲ್ಲ ಆದ ಮೇಲೆ ಅಮ್ಮ ಹೇಳಿದಳು: "ನಿಮ್ಮಕ್ಕ ನಿನ್ನೆ ಬಂದಿದ್ಲು ಕಣೇ. ಅವರಮ್ಮನ ಬೆಳ್ಳಿ ಪದಕ ಇತ್ತಲ್ಲ, ಶಾಲಿಗೆ ಚುಚ್ಚೋದು, ಅದನ್ನ ನನಗೆ ಕೊಟ್ಟುಹೋದ್ಲು."

"ಯಾಕಂತೆ?"

"ನಿನಗೇ ಒಪ್ಪುತ್ತೆ ಚಿಕ್ಕಮ್ಮ, ನನ್ನ ಹತ್ರ ಸುಮ್ನೆ ಇರುತ್ತೆ ಅಂದ್ಲು. ಎಷ್ಟು ಒಳ್ಳೇ ಮನಸ್ಸು ನೋಡು."

ಒಳ್ಳೇ ಮನಸ್ಸು ಎಂದುಕೊಂಡು ಸುನ್ನಾ ಗಣಕದ ಮುಂದೆ ವಾಪಸು ಬಂದಳು.

ಸಂಜೆಯ ಮೊದಲು ಕೊನೆಯ ಗೆರೆ ತೆರೆಯಿತು. ಇಸ್ಸಾತ್ ಎಂಬ ಸಹಪಾಠಿಯದು. ಗೆರೆ ಕೆರೆಗೆ ಎಸೆದ ಕಲ್ಲಿನ ಹಾಗೆ ಕೆಳಗಿಳಿದು, ಹತ್ತೊಂಬತ್ತಕ್ಕೆ ನಿಂತುಹೋಗಿತ್ತು. ಅಲ್ಲಿಂದಾಚೆ ಖಾಲಿ.

ಸಿಗ್ರುನ್ ಕನ್ನಡಕ ತೆಗೆದರು. "ಇವನು... ಇದ್ದಾನಾ?"

"ಇಸ್ಸಾತಾ?" ಸುನ್ನಾಳಿಗೆ ನಗು ತಡೆಯಲಾಗಲಿಲ್ಲ. "ಮೊನ್ನೆ ಫೋನ್ ಮಾಡಿದ್ದ. ಮೂರನೇ ಮಗು. ಹೊಟ್ಟೆ ಬಂದು ಸ್ನೋ ಸ್ಕೂಟರಿನ ಹ್ಯಾಂಡಲ್ ತಿರುಗಿಸೋಕೆ ಆಗ್ತಿಲ್ಲವಂತೆ."

"ಹಾಗಾದ್ರೆ ಇದೇನು? ಕೇಳು. ನಿದ್ದೆಗೆ ಹೊತ್ತುಗೊತ್ತಿಲ್ಲ, ಹಗಲೂ ರಾತ್ರಿ ಎದ್ದೆದ್ದು ಕೂತಿದ್ದಾನೆ. ನಾಯಿ ಬೊಗಳಿದ್ರೆ ಎದೆ ಹಾರುತ್ತೆ. ಮೂರು ಮೂರು ದಿನ ಒಂದು ಮಾತೂ ಇಲ್ಲ. ಮಾತಾಡಿದ ದಿನ ಒಂದೊಂದು ಸಲ ಒಂದೊಂದು ದನಿ, ಮನಸ್ಸು ಆರು ಹೋಳಾದವನ ಹಾಗೆ. ಸಾಲದ್ದಕ್ಕೆ ನಡೆದಾಗೆಲ್ಲ ಕೀಲಿನಲ್ಲಿ ಸದ್ದು. ಇಷ್ಟು ನೊಂದ ಹುಡುಗನನ್ನ ನಾನು ಕಂಡೇ ಇಲ್ಲ."

"ಕೀಲಿನಲ್ಲಿ ಸದ್ದಾ? ಕೇಳಿಸಿ ನೋಡೋಣ."

ಕೋಣೆಯಲ್ಲಿ ಸದ್ದು ಹರಡಿತು. ಟಿಕ್. ಟಿಕ್. ಟಿಕ್. ಆಮೇಲೆ ಸ್ವಲ್ಪ ತಡೆದು, ಟಿಕ್.

ಸುನ್ನಾ ಕಣ್ಣು ಮುಚ್ಚಿಕೊಂಡಳು. ಒಣಗಿದ ಹುಲ್ಲಿನ ವಾಸನೆ, ಆಹ್ಕುವಿನ ಬೇಲಿ, ಸೊಂಟದೆತ್ತರದ ಹಿಮ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಸಿಗ್ರುನ್, ಇದು ಇಸ್ಸಾತ್ ಅಲ್ಲ. ಇದು ಮುಜೆತ್."

"ಮುಜೆತ್ ಯಾರು?"

"ನಮ್ಮ ಆಹ್ಕುವಿನ ಹಿಮಸಾರಂಗ!"

ಹಿಮಸಾರಂಗ ನಡೆಯುವಾಗ ಪಾದದ ಮೂಳೆಯ ಮೇಲೆ ಸ್ನಾಯುವಿನ ಹುರಿ ಜಾರಿ ‘ಟಿಕ್’ ಎನ್ನುತ್ತದೆ. ಬಿಳಿಮಂಜಿನಲ್ಲಿ ಕಣ್ಣು ಕಾಣದಿದ್ದರೂ ಹಿಂಡು ಒಟ್ಟಾಗಿರುವುದು ಆ ಸದ್ದಿನಿಂದಲೇ ಎಂದು ಊರಿನವರು ಹೇಳುತ್ತಾರೆ. ನಾಲ್ಕನೆಯ ಟಿಕ್ ತಡವಾಗುವುದು ಕುಂಟುಗಾಲಿನ ಮುಜೆತ್‌ಗೆ ಮಾತ್ರ. ಕತ್ತಲೆಯ ತಿಂಗಳುಗಳಲ್ಲಿ ಹಿಮಸಾರಂಗಕ್ಕೆ ಹಗಲು ರಾತ್ರಿಯ ಲೆಕ್ಕವೇ ಇರುವುದಿಲ್ಲ, ಹಸಿವಾದಾಗ ಏಳುತ್ತದೆ, ಸಾಕಾದಾಗ ಮಲಗುತ್ತದೆ. ಪುಣ್ಯಾತ್ಮ ಇಸ್ಸಾತ್ ತನ್ನ ಕಲ್ಲನ್ನು ಅದರ ಕುತ್ತಿಗೆಯ ಉದ್ದ ಕೂದಲೊಳಗೆ ಕಟ್ಟಿಬಿಟ್ಟಿದ್ದ. ಗಣಕ ಒಂದು ಹಿಮಸಾರಂಗವನ್ನು ದೇಶದಲ್ಲೇ ಅತ್ಯಂತ ದುಃಖಿ ಹುಡುಗನೆಂದು ತೀರ್ಮಾನಿಸಿತ್ತು.

ಸಿಗ್ರುನ್ ಕೂಡ ನಕ್ಕರು. ಮೇಜು ಹಿಡಿದುಕೊಂಡು ನಕ್ಕರು. ನಡುವೆ ತಟ್ಟನೆ ನಿಲ್ಲಿಸಿದರು.

"ಸುನ್ನಾ, ಹಿಮಸಾರಂಗ ಮಾತಾಡಲ್ಲ ಅಲ್ವಾ? ಹಾಗಾದ್ರೆ ಈ ದನಿಗಳು ಯಾರವು?"

ದನಿಗಳನ್ನು ಬಿಡಿಸಿ ಬೇರೆಬೇರೆ ಮಾಡಿದರು. ಒಟ್ಟು ಆರು. ಎರಡನೆಯದನ್ನು ಕೇಳುತ್ತಲೇ ಸುನ್ನಾಳ ಕಿವಿ ಬಿಸಿಯಾಯಿತು. ಅದು ಅವಳದೇ. ಆ ಚಳಿಗಾಲ ಮೂರು ಸಲ ಮುಜೆತ್‌ನ ಹತ್ತಿರ ಹೋಗಿ ದುಃಖ ಹೇಳಿಕೊಂಡಿದ್ದಳು. ಒಂದು ಸಲ ಹೋದದ್ದು ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಮುಜೆತ್‌ನ ಕುತ್ತಿಗೆಗೆ ಮುಖ ಒತ್ತಿ. ಆ ಗುಟ್ಟು ತನ್ನೊಬ್ಬಳದು ಎಂದುಕೊಂಡಿದ್ದಳು.

ಹೀಗಾಗುವುದು ಆ ಊರಿನಲ್ಲೇ. ಹುಟ್ಟಿದಾಗಿನಿಂದ ಅವರು ಕಲಿಯುವ ಮೊದಲ ಪಾಠ, ನಿನ್ನ ಕಷ್ಟ ನೀನೇ ನಿಭಾಯಿಸು ಎಂಬುದು. ಹಿಮಗಾಳಿಯಲ್ಲಿ ಗೋಳಾಡಿದರೆ ಹಿಂಡು ತಪ್ಪುತ್ತದೆ. ಮನುಷ್ಯರ ಮುಂದೆ ಹೇಳಿಕೊಳ್ಳುವುದು ಅವರ ಹೆಗಲಿಗೆ ಹೊರೆ ಇಟ್ಟ ಹಾಗೆ. ಹಿಮಸಾರಂಗಕ್ಕಾದರೆ ಹೊರೆ ರೂಢಿ.

ಒಂದು ದನಿ ಮಾತ್ರ ಎಂಬತ್ತೊಂದು ಸಲ ಬಂದಿತ್ತು. ಪ್ರತಿಸಲವೂ ಅರ್ಧ ಗಂಟೆ. ಗಣಕ ಅದನ್ನು ಉಳಿದ ಕಲ್ಲುಗಳ ದನಿಯೊಂದಿಗೆ ಹೋಲಿಸಿ, ಮೊದಲನೆಯ ಕಲ್ಲಿನ ದನಿಗೆ ತಾಳೆ ಹಾಕಿತು.

"ರಾವ್ದ್ನಾ? ಆಗೋಕೆ ಸಾಧ್ಯವೇ ಇಲ್ಲ," ಎಂದರು ಸಿಗ್ರುನ್. "ಅವಳ ಕಲ್ಲಿನಲ್ಲಿ ಇದ್ಯಾವುದೂ ಇಲ್ಲ."

"ಅವಳ ಕಲ್ಲು ಆ ಹೊತ್ತಲ್ಲಿ ಎಲ್ಲಿತ್ತು?"

ನೋಡಿದರು. ಆ ಎಂಬತ್ತೊಂದು ಅರ್ಧ ಗಂಟೆಗಳಲ್ಲಿ ರಾವ್ದ್ನಾಳ ಕಲ್ಲಿಗೆ ಮೈಬಿಸಿಯೇ ಇರಲಿಲ್ಲ. ತನ್ನ ಕಲ್ಲು ಕೇಳಬಾರದೆಂದು ಕಳಚಿಟ್ಟು ಹೋಗುತ್ತಿದ್ದಳು. ಮುಜೆತ್‌ನ ಕುತ್ತಿಗೆಯಲ್ಲಿ ಇನ್ನೊಂದು ಕಿವಿ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಖಾಲಿಬಿದ್ದ ಜಾಗವನ್ನು ಗಣಕ ಅವಳ ಉಳಿದ ಹೊತ್ತಿನ ನಗುವಿನಿಂದ ತುಂಬಿಸಿಕೊಂಡಿತ್ತು.

ಸಿಗ್ರುನ್ ಆ ಅರ್ಧ ಗಂಟೆಗಳನ್ನು ಅವುಗಳ ಜಾಗದಲ್ಲಿ ಸೇರಿಸಿ ಮತ್ತೆ ಗೆರೆ ಎಳೆಸಿದರು. ಬೇಸಿಗೆಯ ಕೆರೆ ಕಾಣಿಸಲಿಲ್ಲ. ಗೆರೆ ಇಳಿಯುತ್ತಾ ಇಳಿಯುತ್ತಾ ಮೂವತ್ತರ ಹತ್ತಿರ ತೀರಾ ತಳಕ್ಕೆ ಬಂದಿತ್ತು.

"ಪದಕ," ಎಂದಳು ಸುನ್ನಾ. ಊಟದ ಹೊತ್ತಿನ ಅಮ್ಮನ ಮಾತು ಈಗ ಬೇರೆಯೇ ಆಗಿ ಕೇಳಿಸಿತು. "ಅವಳು ತನ್ನ ವಸ್ತುಗಳನ್ನ ಹಂಚ್ತಿದ್ದಾಳೆ, ಸಿಗ್ರುನ್."

ಫೋನ್ ಮಾಡಿದಳು. ಎರಡೇ ರಿಂಗಿಗೆ ರಾವ್ದ್ನಾ ಎತ್ತಿದಳು. "ಏನೇ ವಿಜ್ಞಾನಿ, ನೆನಪಾಯ್ತಾ ಬಡವರದ್ದು?"

"ಹೇಗಿದ್ದೀಯ ಅಕ್ಕ?"

"ನಾನಾ? ನಿಭಾಯಿಸ್ತಿದ್ದೀನಿ."

"ನಾಳೆ ಬರ್ತಿದ್ದೀವಿ. ಸಿಗ್ರುನ್ ಮಾತು ಕೊಟ್ಟಿದ್ರಲ್ಲ, ಹೇಳೋಕೆ. ನೀನು ಇರ್ತೀಯ?"

"ಇರ್ತೀನಿ. ಕಾಫಿ ಇಟ್ಟಿರ್ತೀನಿ."

ಆಮೇಲೆ ಅಮ್ಮನಿಗೆ ಫೋನು. "ಅಮ್ಮ, ಈಗಲೇ ಅಕ್ಕನ ಮನೆಗೆ ಹೋಗು. ನೇಯ್ಗೆ ತಗೊಂಡು ಹೋಗಿ ಕೂತ್ಕೋ. ಇವತ್ತು ಅಲ್ಲೇ ಮಲಗು. ಯಾಕೆ ಅಂತ ಬಂದು ಹೇಳ್ತೀನಿ." ಅಮ್ಮ ಯಾಕೆ ಎಂದು ಕೇಳಲಿಲ್ಲ. ಬೂಟು ಹಾಕಿಕೊಳ್ಳುವ ಸದ್ದು ಕೇಳಿಸಿತು.

ಮರುದಿನ ಏಳು ಗಂಟೆಯ ಹಾದಿ. ಗೊಲ್ಲೆಯಾವ್ರಿಯ ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಊರ ಬಾಗಿಲಲ್ಲೇ ಇಸ್ಸಾತ್ ಸಿಕ್ಕ, ಬೇಲಿ ರಿಪೇರಿ ಮಾಡುತ್ತಾ.

"ಹೌದು, ಕಟ್ಟಿದ್ದೆ!" ಎಂದ, ಕಿವಿವರೆಗೂ ಕೆಂಪಾಗಿ. "ನನ್ನ ಕುತ್ತಿಗೆಗೆ ತುರಿಕೆ ಆಗ್ತಿತ್ತು. ಮುಜೆತ್ ಕಾಲುನೋವಿನದು, ಅದರ ಸುಖದುಃಖ ಯಾರಾದ್ರೂ ಕೇಳ್ಲಿ ಅನ್ನಿಸ್ತು. ಹದಿನೈದು ವರ್ಷದಿಂದ ಹೆದರ್ಕೊಂಡಿದ್ದೀನಿ, ಸಿಗ್ರುನ್ ಬಂದು ಬೈತಾರೆ ಅಂತ."

"ನಿನ್ನ ಗೆರೆ ಹತ್ತೊಂಬತ್ತಕ್ಕೆ ಮುಗಿದಿತ್ತು," ಎಂದರು ಸಿಗ್ರುನ್, ಕೊಟ್ಟ ಮಾತಿನಂತೆ.

ಇಸ್ಸಾತ್ ಬೆರಳು ಮಡಿಸಿ ಎಣಿಸಿದ. "ಮುಜೆತ್ ಹೋಗಿದ್ದೂ ಅದೇ ವರ್ಷ! ನಿಮ್ಮ ಕಲ್ಲು ಪರವಾಗಿಲ್ಲ, ಹಿಮಸಾರಂಗಕ್ಕೆ ಸರಿಯಾಗೇ ಹೇಳುತ್ತೆ." ಹೊಟ್ಟೆ ಕುಣಿಸಿ ನಕ್ಕ. ಆಮೇಲೆ, "ರಾವ್ದ್ನಾ ಮನೆಗಾ? ಅವಳದ್ದೇನೋ ವಿಚಿತ್ರ. ತನ್ನ ಕಿವಿಗುರುತನ್ನ ನನ್ನ ಮಗಳಿಗೆ ಕೊಟ್ಬಿಡ್ತೀನಿ ಅಂದ್ಲು. ತಮಾಷೆ ಅಂದ್ಕೊಂಡೆ."

ಹಿಮಸಾರಂಗದ ಮರಿಯ ಕಿವಿಯಲ್ಲಿ ಒಡೆಯರು ಚಾಕುವಿನಿಂದ ಕೊಯ್ಯುವ ಗುರುತದು. ಒಬ್ಬೊಬ್ಬರಿಗೆ ಒಂದೊಂದು, ಎಳೆತನದಲ್ಲೇ ಸಿಕ್ಕಿದ್ದು, ಹೆಸರಿನಷ್ಟೇ ತಮ್ಮದು. ಮೂವತ್ತಕ್ಕೆ ಯಾರೂ ಅದನ್ನು ಕೊಟ್ಟುಬಿಡುವುದಿಲ್ಲ. ಸುನ್ನಾ ಹೆಜ್ಜೆ ಬಿರುಸು ಮಾಡಿದಳು.

ರಾವ್ದ್ನಾಳ ಅಡುಗೆಮನೆಯಲ್ಲಿ ಅಮ್ಮ ಮೂಲೆಯಲ್ಲಿ ಕೂತು ಕೆಂಪು ಪಟ್ಟಿ ನೇಯುತ್ತಿದ್ದಳು. ಮಗಳ ಮುಖ ನೋಡಿದ್ದೇ ಪದಕವನ್ನು ಅವಳ ಕೈಗಿಟ್ಟು, "ಬ್ರೆಡ್ಡು ತರ್ತೀನಿ" ಎಂದು ಎದ್ದುಹೋದಳು. ಸಿಗ್ರುನ್ ಹೊರಗಿನ ಮೆಟ್ಟಿಲಲ್ಲೇ ಉಳಿದರು.

"ಬಂತಪ್ಪ ಹವಾಮಾನ ಇಲಾಖೆ," ಎಂದಳು ರಾವ್ದ್ನಾ, ಆ ನಾಡಿನ ರೂಢಿಯಂತೆ ಕಾಫಿಗೆ ಚೀಸಿನ ಚೂರು ಹಾಕುತ್ತಾ. "ಚಿಕ್ಕಮ್ಮನ್ನ ಯಾಕೆ ಕಾವಲಿಗೆ ಕಳಿಸಿದ್ದೆ? ರಾತ್ರಿಯೆಲ್ಲ ಗೊರಕೆ. ಹೇಳು, ನನ್ನ ಮೂವತ್ತರಲ್ಲಿ ಬಿಸಿಲೋ ಮೋಡವೋ?"

ಸುನ್ನಾ ಸಣ್ಣ ಸ್ಪೀಕರನ್ನು ಮೇಜಿನ ಮೇಲಿಟ್ಟಳು.

ಟಿಕ್. ಟಿಕ್. ಟಿಕ್. ತಡೆದು, ಟಿಕ್.

ರಾವ್ದ್ನಾಳ ಕೈ ಕಾಫಿ ಪಾತ್ರೆಯ ಮೇಲೇ ನಿಂತಿತು. "ಮುಜೆತ್," ಎಂದಳು ಪಿಸುದನಿಯಲ್ಲಿ. ಆಮೇಲೆ ಪದಗಳಿಲ್ಲದ ಒಂದು ಹುಡುಗಿಯ ದನಿ, ಏರುತ್ತಾ, ಒಡೆಯುತ್ತಾ.

"ಆಫ್ ಮಾಡು."

ಸುನ್ನಾ ಆಫ್ ಮಾಡಿದಳು.

"ಯಾರ್ಯಾರು ಕೇಳಿದ್ದೀರಿ ಇದನ್ನ?"

"ನಾವಿಬ್ಬರೇ. ಪದ ಇಲ್ಲ ಅಕ್ಕ, ದನಿಯ ಏರಿಳಿತ ಮಾತ್ರ. ನಂದೂ ಇದೆ ಅದರಲ್ಲಿ, ಮೂರು ಸಲ. ಇನ್ನೂ ನಾಲ್ಕು ಜನರದ್ದಿದೆ."

"ನೀನೂನಾ?" ರಾವ್ದ್ನಾ ಅವಳನ್ನೇ ನೋಡಿದಳು. "ನನ್ನೊಬ್ಬಳ ಹತ್ರ ಮಾತ್ರ ಹಾಗೆ ನಿಲ್ತಿದ್ದ ಅಂದ್ಕೊಂಡಿದ್ದೆ. ಮೋಸಗಾರ."

ಸುನ್ನಾ ಪದಕವನ್ನು ಮೇಜಿನ ಮೇಲಿಟ್ಟಳು. ಸುತ್ತಿ ಬಳಸಿ ಕೇಳಲಿಲ್ಲ. "ಸಾಯೋ ಯೋಚನೆ ಮಾಡಿದ್ದೀಯ ಅಕ್ಕ?"

ಕಿಟಕಿಯ ಹಿಮ ಕರಗಿ ಹನಿ ಬೀಳುತ್ತಿತ್ತು. ರಾವ್ದ್ನಾ ಹನಿಗಳನ್ನು ನೋಡಿದಳು.

"ಈಸ್ಟರ್ ಮುಗಿದ ಮಾರನೇ ದಿನ ಅಂದ್ಕೊಂಡಿದ್ದೆ," ಎಂದಳು. "ಹಬ್ಬ ಕೆಡಿಸಬಾರದು ಅಂತ."

ಸುನ್ನಾಳ ಬಾಯಿಯವರೆಗೆ ಸಾವಿರ ಮಾತು ಬಂದವು. ನಿನ್ನ ಬಿಟ್ಟರೆ ನಮಗ್ಯಾರು, ಶಾಲೆಯ ಮಕ್ಕಳು ಏನಾಗಬೇಕು, ಯಾಕೆ ಹೇಳಲಿಲ್ಲ. ಎಲ್ಲವನ್ನೂ ನುಂಗಿದಳು. ಎಂಬತ್ತೊಂದು ಸಲ ರಾವ್ದ್ನಾ ಯಾರ ಹತ್ತಿರ ಹೋಗಿದ್ದಳೋ ಅವನು ಇದ್ಯಾವುದನ್ನೂ ಹೇಳಿರಲಿಲ್ಲ. ತಟ್ಟೆಯಿಂದ ಒಣಮಾಂಸದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು, ನಿಧಾನವಾಗಿ, ಅತ್ತ ಇತ್ತ ದವಡೆ ಆಡಿಸಿ ಜಗಿಯತೊಡಗಿದಳು. ಕಣ್ಣು ಮಾತ್ರ ಅಕ್ಕನ ಮೇಲೆ.

"ಹೂಂ," ಎಂದಳು.

ರಾವ್ದ್ನಾ ಮೊದಲು ದಂಗಾದಳು. ಆಮೇಲೆ ನಕ್ಕಳು, ನಗು ಎಲ್ಲೋ ಅರ್ಧದಲ್ಲಿ ಬೇರೇನೋ ಆಯಿತು. ಆಮೇಲೆ ಹೇಳತೊಡಗಿದಳು.

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಪದಗಳನ್ನು ಕಲ್ಲು ಕೂಡ ಬರೆದುಕೊಂಡಿರಲಿಲ್ಲ. ಇಷ್ಟು ಹೇಳಬಹುದು: ಊರವರೆಲ್ಲರ ಕಷ್ಟಕ್ಕೆ ಅವಳ ಅಡುಗೆಮನೆಯ ಬಾಗಿಲಿತ್ತು, ಮುಜೆತ್ ಸತ್ತ ಮೇಲೆ ಅವಳ ಕಷ್ಟಕ್ಕೆ ಬಾಗಿಲಿರಲಿಲ್ಲ. ಕಿಟಕಿಯ ಬಿಸಿಲು ಮೇಜಿನಿಂದ ಇಳಿದು, ನೆಲ ದಾಟಿ, ಎದುರು ಗೋಡೆ ಹತ್ತುವವರೆಗೆ ಹೇಳಿದಳು. ಸುನ್ನಾ ಹೂಂಗುಟ್ಟುತ್ತಲೇ ಇದ್ದಳು. ತಟ್ಟೆಯ ಮಾಂಸ ಖಾಲಿಯಾಯಿತು.

ಸಂಜೆ ಸಿಗ್ರುನ್ ಒಳಬಂದರು, ಮೂಗು ಕೆಂಪಾಗಿತ್ತು. ಸಾಮಿ ಮಾತೇ ಆಡುವ ವೈದ್ಯೆಯೊಬ್ಬರಿಗೆ ಹೇಳಿದ್ದೇನೆ, ಈಗಲೇ ಹೊರಟಿದ್ದಾರೆ, ಬರಬಹುದೇ ಎಂದು ಕೇಳಿದರು.

"ಬರ್ಲಿ," ಎಂದಳು ರಾವ್ದ್ನಾ. "ಇವಳೂ ಇರ್ಬೇಕು. ಗೊರಕೆ ಚಿಕ್ಕಮ್ಮನೂ."

"ನಿನ್ನ ಗೆರೆ ಇನ್ನೂ ಹೇಳಿಲ್ಲ ನಾನು."

"ನಂದು ಕೊನೆಗಿರ್ಲಿ. ಮೊದಲು ಉಳಿದವರಿಗೆ ಹೇಳಿ."

ಹಬ್ಬದ ದಿನಗಳಲ್ಲಿ ಸಿಗ್ರುನ್ ಮನೆಮನೆಗೂ ಹೋದರು. ಒಬ್ಬೊಬ್ಬರ ಎದುರಿಗೂ ಕೂತು ಹೇಳಿದರು. ಮುಜೆತ್‌ನ ಹತ್ತಿರ ಹೋದವರು ಯಾರೆಂದು ಯಾರಿಗೂ ಹೇಳಲಿಲ್ಲ. ಆದರೆ ಮೂವರು ತಾವಾಗಿಯೇ, "ನನ್ನ ದನಿಯೂ ಇದೆಯಾ?" ಎಂದು ಕೇಳಿದರು. ಒಬ್ಬ ಫೋನು ಮಾಡಿ ಕೇಳಿದ. ಎಲ್ಲ ಶಾಲೆಗಳಿಗೂ ಕಲ್ಲು ಹಂಚುವುದು ಬೇಡ, ಕಳಚಿಟ್ಟ ಹೊತ್ತನ್ನು ನಾವು ಇನ್ನೂ ಓದಲು ಕಲಿತಿಲ್ಲ ಎಂದು ಸಿಗ್ರುನ್ ಸರ್ಕಾರಕ್ಕೆ ಪತ್ರ ಬರೆದರು.

ಈಸ್ಟರ್ ಮುಗಿದ ಮಾರನೇ ದಿನ ಬಂತು. ಬೆಳಿಗ್ಗೆಯೇ ರಾವ್ದ್ನಾ ಆಹ್ಕುವಿನ ಹಳೆಯ ಬೇಲಿಯ ಹತ್ತಿರ ಬಂದಳು. ಶಾಲಿನ ಮೇಲೆ ಬೆಳ್ಳಿ ಪದಕವಿತ್ತು. ಹಿಂದಿನ ವಾರವಿಡೀ ನಿದ್ದೆಗೆಟ್ಟ ಮುಖ, ವೈದ್ಯೆಯ ಜೊತೆ ನಾಲ್ಕು ಸಲ ಕೂತೆದ್ದ ಮುಖ. ಅವಳ ಪಕ್ಕದಲ್ಲಿ ಸುನ್ನಾ, ಸ್ವಲ್ಪ ದೂರದಲ್ಲಿ ಅಮ್ಮ, ಬೇಲಿಗೆ ಹೊಟ್ಟೆ ಒರಗಿಸಿ ಇಸ್ಸಾತ್. ಸಿಗ್ರುನ್ ಬೇಲಿಯ ಅಡ್ಡಮರದ ಮೇಲಿನ ಹಿಮ ಒರೆಸಿ ಅವಳ ಎದುರು ಕೂತರು. ಕೈಯಲ್ಲಿ ಹದಿನೈದು ವರ್ಷ ಹಳೆಯ ಪಟ್ಟಿ.

"ನಿನ್ನ ಕಲ್ಲು ಹೇಳಿತ್ತು, ನೀನು ಎಲ್ಲರಿಗಿಂತ ಸುಖವಾಗಿರ್ತೀಯ ಅಂತ."

"ಹೂಂ," ಎಂದಳು ರಾವ್ದ್ನಾ.

"ಅದು ತಪ್ಪು. ನೀನು ಕಲ್ಲು ಕಳಚಿಟ್ಟು ಹೋದ ಹೊತ್ತನ್ನೆಲ್ಲ ನಿನ್ನ ನಗುವಿನಿಂದ ತುಂಬಿಸೋ ಹಾಗೆ ಗಣಕಕ್ಕೆ ಕಲಿಸಿದ್ದು ನಾನು."

"ಹೂಂ."

"ಇವತ್ತಿನಿಂದ ಆಚೆಗೆ ನನ್ನ ಹತ್ರ ಗೆರೆ ಇಲ್ಲ, ರಾವ್ದ್ನಾ. ನೀನೇ ಹ್ಯಾಗೆ ಹ್ಯಾಗೆ ಹೋಗ್ತೀಯೋ ಹಾಗೆ."

ರಾವ್ದ್ನಾ ಬೇಲಿಯಾಚೆಯ ಖಾಲಿ ಹಿಮವನ್ನು ನೋಡಿದಳು. ಸುನ್ನಾಳ ಕೈಗವಸಿನೊಳಗೆ ತನ್ನ ಕೈಯನ್ನೂ ತೂರಿಸಿದಳು.

"ಹೂಂ," ಎಂದಳು.

ಸಿಗ್ರುನ್ ಪಟ್ಟಿಯಲ್ಲಿ ಉಳಿದಿದ್ದ ಒಂದೇ ಹೆಸರಿನ ಮುಂದೆ ಹನ್ನೆರಡನೆಯ ಗುರುತು ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದರು.